ಐಇಎಲ್‌ಟಿಎಸ್ ಅಕಾಡೆಮಿಕ್, ಕಂಪ್ಯೂಟರ್ ಆವೃತ್ತಿ: ಬ್ಯಾಂಡ್ ಎಲ್ಲಿ ಸಿಗುತ್ತದೆ, ಎಲ್ಲಿ ಸೋರುತ್ತದೆ

ವಿದೇಶದಲ್ಲಿ ಓದಲು ಬೇಕಾದಷ್ಟು ಇಂಗ್ಲಿಷ್ ಬರುತ್ತದೆಯೇ ಎಂದು ಅಳೆಯುವ ಪರೀಕ್ಷೆ ಐಇಎಲ್‌ಟಿಎಸ್ ಅಕಾಡೆಮಿಕ್. ಇದರ ಅಂಕವನ್ನು ಬ್ಯಾಂಡ್ ಎನ್ನುತ್ತಾರೆ, ಗರಿಷ್ಠ 9. ಎರಡೂಮುಕ್ಕಾಲು ಗಂಟೆಯ ಈ ಪರೀಕ್ಷೆಯಲ್ಲಿ ನಾವು ಅತಿ ಹೆಚ್ಚು ಬೆಲೆ ಕೊಡುವುದು ಸ್ಪೀಕಿಂಗ್‌ನ 11ರಿಂದ 14 ನಿಮಿಷಗಳಿಗೆ. ಅಲ್ಲಿ ಎದುರಿಗೆ ಕೂರುವುದು ಒಬ್ಬ ಮನುಷ್ಯ. ಕೆಲವು ಕೇಂದ್ರಗಳಲ್ಲಿ ವಿಡಿಯೊ ಕರೆ ಇರಬಹುದು, ಆದರೂ ಕೇಳುವವರು ಪರೀಕ್ಷಕರೇ. ಪಿಟಿಇ, ಟೋಫೆಲ್, ಡ್ಯುಯೊಲಿಂಗೊ ಎಂಬ ಇತರ ಇಂಗ್ಲಿಷ್ ಪರೀಕ್ಷೆಗಳಲ್ಲಿ ಮಾತು ಹೋಗುವುದು ಮೈಕ್‌ಗೆ. ಪಿಟಿಇಯಲ್ಲಿ ಮೂರು ಸೆಕೆಂಡು ಸುಮ್ಮನಾದರೆ ಮೈಕ್ ಮುಚ್ಚಿಕೊಳ್ಳುತ್ತದೆ. ಐಇಎಲ್‌ಟಿಎಸ್‌ನಲ್ಲಿ ಒಂದು ಕ್ಷಣ ಯೋಚಿಸಬಹುದು, ಪ್ರಶ್ನೆಯನ್ನು ಮತ್ತೊಮ್ಮೆ ಹೇಳಿ ಎನ್ನಬಹುದು, ತಪ್ಪಿದ ವಾಕ್ಯವನ್ನು ತಿದ್ದಿಕೊಂಡು ಮುಂದುವರಿಯಬಹುದು. ಜನ ನಿಜವಾಗಿ ಮಾತನಾಡುವುದೇ ಹೀಗೆ. ಭಾಷೆ ಬರುತ್ತದೆಯೇ ಎಂದು ನೋಡುವ ಪರೀಕ್ಷೆ ಇದಕ್ಕೆ ಜಾಗ ಕೊಡಲೇಬೇಕು.

ಸ್ಪೀಕಿಂಗ್‌ನಲ್ಲಿ ಮೂರು ಭಾಗ. ಮೊದಲ ನಾಲ್ಕೈದು ನಿಮಿಷ ಮನೆ, ಓದು, ಕೆಲಸದ ಬಗ್ಗೆ ಸರಳ ಪ್ರಶ್ನೆಗಳು. ಎರಡನೆಯದರಲ್ಲಿ ಒಂದು ವಿಷಯದ ಕಾರ್ಡ್, ತಯಾರಿಗೆ ಒಂದು ನಿಮಿಷ, ನಂತರ ಒಂದರಿಂದ ಎರಡು ನಿಮಿಷ ಒಬ್ಬರೇ ಮಾತನಾಡಬೇಕು. ಎರಡು ನಿಮಿಷಕ್ಕೆ ಪರೀಕ್ಷಕರು ತಡೆದರೆ ಅದು ತಪ್ಪಿನ ಸೂಚನೆಯಲ್ಲ, ನಿಯಮ. ಮೂರನೆಯದು ಅದೇ ವಿಷಯದ ಮೇಲೆ ಚರ್ಚೆ, ಮತ್ತು ಬ್ಯಾಂಡ್ 6ರವರು 7ರವರಿಂದ ಬೇರೆಯಾಗಿ ಕಾಣುವುದು ಬಹುಮಟ್ಟಿಗೆ ಅಲ್ಲಿಯೇ. ಕಾರಣ ಕೊಡಬೇಕು, ಹೋಲಿಸಬೇಕು, ಮುಂದೆ ಏನಾಗಬಹುದು ಎಂದು ಊಹಿಸಬೇಕು. ಬಾಯಿಪಾಠದ ಉತ್ತರ ಇಲ್ಲಿಗೆ ಬರುವಷ್ಟರಲ್ಲಿ ಮುಗಿದಿರುತ್ತದೆ. ಅಂಕ ನಾಲ್ಕು ಅಂಶಗಳಿಗೆ ಸಮವಾಗಿ ಹಂಚಿಕೆಯಾಗುತ್ತದೆ: ನಿರರ್ಗಳತೆ ಮತ್ತು ಸುಸಂಬದ್ಧತೆ, ಶಬ್ದಸಂಪತ್ತು, ವ್ಯಾಕರಣ, ಉಚ್ಚಾರಣೆ. ಉಚ್ಚಾರಣೆ ಎಂದರೆ ಬ್ರಿಟಿಷರ ಧಾಟಿಯನ್ನು ಅನುಕರಿಸುವುದಲ್ಲ. ಕೇಳುವವರಿಗೆ ಕಷ್ಟವಿಲ್ಲದೆ ಅರ್ಥವಾಗಬೇಕು, ಒತ್ತು ಸರಿಯಾದ ಜಾಗದಲ್ಲಿ ಬೀಳಬೇಕು, ಅಷ್ಟೆ. ಕೃತಕ ಧಾಟಿ ಹಾಕಿಕೊಂಡವರ ಮಾತು ಎಡವುವುದೇ ಹೆಚ್ಚು.

ಲಿಸನಿಂಗ್, ರೀಡಿಂಗ್, ರೈಟಿಂಗ್ ಇದೇ ಕ್ರಮದಲ್ಲಿ ಬಿಡುವಿಲ್ಲದೆ ಸಾಗುತ್ತವೆ. ಸ್ಪೀಕಿಂಗ್ ಅದೇ ದಿನ ಇರಬಹುದು, ಬೇರೆ ದಿನವೂ ಇರಬಹುದು.

ಲಿಸನಿಂಗ್‌ನಲ್ಲಿ 40 ಪ್ರಶ್ನೆ, ಸುಮಾರು 30 ನಿಮಿಷ. ಧ್ವನಿ ಕೇಳಿಸುವುದು ಒಮ್ಮೆ ಮಾತ್ರ. ಕಾಗದದ ಆವೃತ್ತಿಯಲ್ಲಿ ಉತ್ತರ ಬರೆದುಕೊಳ್ಳಲು ಕೊನೆಗೆ 10 ನಿಮಿಷ ಸಿಗುತ್ತಿತ್ತು. ಕಂಪ್ಯೂಟರಿನಲ್ಲಿ ಸಿಗುವುದು ಎರಡು ನಿಮಿಷ, ಅದೂ ಪರಿಶೀಲನೆಗೆ. ಹಾಗಾಗಿ ಕೇಳುತ್ತಲೇ ಟೈಪ್ ಮಾಡುವ ಅಭ್ಯಾಸ ಬೇಕೇ ಬೇಕು. ಹಳೆಯ ಪುಸ್ತಕಗಳಲ್ಲಿ ಪೆನ್ಸಿಲ್ ಹಿಡಿದು ಅಭ್ಯಾಸ ಮಾಡಿದವರು ತಡವರಿಸುವುದು ಇಲ್ಲಿಯೇ. ಅಂಕ ಹೋಗುವುದು ಕೇಳಿಸದೆ ಇದ್ದುದಕ್ಕಿಂತ ಹೆಚ್ಚಾಗಿ ಸಣ್ಣ ಕಾರಣಗಳಿಗೆ: ಎರಡು ಪದ ಮೀರಬಾರದು ಎಂದಿರುವಲ್ಲಿ ಮೂರು ಪದ, ಬಹುವಚನದ ಎಸ್ ಬಿಟ್ಟುಹೋದದ್ದು, ಕಾಗುಣಿತ. ಬ್ರಿಟಿಷ್, ಅಮೆರಿಕನ್ ಕಾಗುಣಿತಗಳೆರಡೂ ಒಪ್ಪಿಗೆ. ಮಾತನಾಡುವವರು ಮೊದಲು ಒಂದು ದಿನಾಂಕ ಹೇಳಿ, ಮರುಕ್ಷಣವೇ ಅದನ್ನು ಬದಲಿಸುವುದು ಇಲ್ಲಿ ಮಾಮೂಲು. ಕೊನೆಗೆ ನಿಂತದ್ದೇ ಉತ್ತರ. ಪ್ರಶ್ನೆಗಳು ಧ್ವನಿಯ ಕ್ರಮದಲ್ಲೇ ಇರುತ್ತವೆ, ಆದ್ದರಿಂದ ಒಂದು ತಪ್ಪಿದರೆ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಖಾಲಿ ಬಿಡುವುದರಲ್ಲಿ ಅರ್ಥವಿಲ್ಲ.

ರೀಡಿಂಗ್‌ನಲ್ಲಿ ಮೂರು ಲೇಖನ, 40 ಪ್ರಶ್ನೆ, 60 ನಿಮಿಷ. ಎಡಗಡೆ ಲೇಖನ, ಬಲಗಡೆ ಪ್ರಶ್ನೆ. ಸಾಲುಗಳಿಗೆ ಬಣ್ಣ ಹಚ್ಚುವ, ಟಿಪ್ಪಣಿ ಸೇರಿಸುವ ಸೌಕರ್ಯವಿದೆ ಮತ್ತು ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಲೇಖನಗಳು ಒಂದರಿಂದ ಮೂರಕ್ಕೆ ಕಠಿಣವಾಗುತ್ತಾ ಹೋಗುವುದರಿಂದ ಸಮಯವನ್ನು ಸಮನಾಗಿ ಹಂಚಬೇಡಿ. 17, 20, 23 ನಿಮಿಷ ಎಂದಿಟ್ಟುಕೊಂಡರೆ ಕೊನೆಯ ಲೇಖನಕ್ಕೆ ಉಸಿರು ಉಳಿಯುತ್ತದೆ. ಸರಿ, ತಪ್ಪು, ಮಾಹಿತಿ ಇಲ್ಲ ಎಂಬ ಬಗೆಯ ಪ್ರಶ್ನೆಯಲ್ಲಿ ಎಡವುವವರು ಬಹಳ. ಪ್ರಶ್ನೆಯಲ್ಲಿ ಕೊಟ್ಟ ಹೇಳಿಕೆಗೆ ವಿರುದ್ಧವಾದುದನ್ನು ಲೇಖನ ಹೇಳಿದ್ದರೆ ಮಾತ್ರ ‘ತಪ್ಪು’. ಲೇಖನ ಓದಿ ಹೌದು ಎನ್ನಲೂ ಅಲ್ಲ ಎನ್ನಲೂ ಆಗದಿದ್ದರೆ ‘ಮಾಹಿತಿ ಇಲ್ಲ’. ವಿಷಯ ಮೊದಲೇ ಗೊತ್ತಿದ್ದವರು ತಮ್ಮ ಜ್ಞಾನದಿಂದ ಉತ್ತರಿಸಿ ಅಂಕ ಕಳೆದುಕೊಳ್ಳುತ್ತಾರೆ. 40ಕ್ಕೆ 23 ಸರಿಯಾದರೆ ಸುಮಾರು ಬ್ಯಾಂಡ್ 6, 30 ಸರಿಯಾದರೆ 7, 35 ಸರಿಯಾದರೆ 8. ಪ್ರಶ್ನೆಪತ್ರಿಕೆಯ ಕಾಠಿಣ್ಯಕ್ಕೆ ತಕ್ಕಂತೆ ಒಂದೆರಡು ಅಂಕ ಆಚೀಚೆ ಆಗುತ್ತದೆ.

ಇನ್ನು ರೈಟಿಂಗ್. ಒಳ್ಳೆಯ ಇಂಗ್ಲಿಷ್ ಬರುವವರೂ 6 ಅಥವಾ 6.5ಕ್ಕೆ ಸಿಕ್ಕಿಕೊಳ್ಳುವ ಜಾಗ ಇದು. 60 ನಿಮಿಷದಲ್ಲಿ ಎರಡು ಬರಹ: ಮೊದಲನೆಯದು ಕನಿಷ್ಠ 150 ಪದ, ಎರಡನೆಯದು 250. ಎರಡನೆಯದರ ತೂಕ ಇಮ್ಮಡಿ. ಆದ್ದರಿಂದ ಸಮಯ 20 ಮತ್ತು 40 ನಿಮಿಷ. ಪರದೆಯ ಮೇಲೆ ಪದಗಳ ಎಣಿಕೆ ಕಾಣುತ್ತದೆ, ಕಾಗುಣಿತ ತಿದ್ದುವ ಸೌಲಭ್ಯ ಇಲ್ಲ.

ಮೊದಲ ಬರಹದಲ್ಲಿ ಗ್ರಾಫ್, ಕೋಷ್ಟಕ ಅಥವಾ ಒಂದು ಪ್ರಕ್ರಿಯೆಯನ್ನು ವಿವರಿಸಬೇಕು. ಇಲ್ಲಿನ ದೊಡ್ಡ ತಪ್ಪು, ಪ್ರತಿ ಅಂಕಿಯನ್ನೂ ಪಟ್ಟಿ ಮಾಡಿ ಒಟ್ಟು ಚಿತ್ರವನ್ನು ಬಿಟ್ಟುಬಿಡುವುದು. ಮೂರು ಗೆರೆಗಳಲ್ಲಿ ಎರಡು ಏರಿದವು, ಒಂದು ಇಳಿಯಿತು, ಆದರೂ ಮೊದಲಿನಿಂದ ಕೊನೆಯವರೆಗೆ ಒಂದೇ ಗೆರೆ ಮೇಲಿತ್ತು ಎಂಬಂಥ ಎರಡು ವಾಕ್ಯ ಇಲ್ಲದಿದ್ದರೆ, ಕೇಳಿದ್ದನ್ನು ಪೂರೈಸಿದ್ದೀರಾ ಎಂದು ನೋಡುವ ಅಂಶದಲ್ಲಿ 5ರ ಮೇಲೆ ಹೋಗುವುದು ಕಷ್ಟ. ಏರಿದ್ದು ಏಕೆ ಎಂಬ ಊಹೆ ಇಲ್ಲಿ ಬೇಡ, ಯಾರೂ ಕೇಳಿಲ್ಲ.

ಎರಡನೆಯದು ಪ್ರಬಂಧ. ಪ್ರಶ್ನೆಯಲ್ಲಿ ಎರಡು ಭಾಗವಿದ್ದರೆ ಎರಡಕ್ಕೂ ಉತ್ತರ ಬೇಕು. ಎಷ್ಟರಮಟ್ಟಿಗೆ ಒಪ್ಪುತ್ತೀರಿ ಎಂದು ಕೇಳಿದಾಗ ಎರಡೂ ಕಡೆ ಹೇಳಿ ತಮ್ಮ ನಿಲುವನ್ನೇ ಹೇಳದವರು ತಾವಾಗಿ ಬ್ಯಾಂಡ್ ಬಿಟ್ಟುಕೊಟ್ಟಂತೆ. ಪ್ರತಿ ವಾಕ್ಯದ ಮೊದಲು ‘ಇದಲ್ಲದೆ’, ‘ಮತ್ತೊಂದೆಡೆ’ ಎಂಬ ಅರ್ಥದ ಜೋಡಣೆಯ ಪದ ಅಂಟಿಸುವುದನ್ನು ಅನೇಕ ತರಬೇತುದಾರರು ಹೇಳಿಕೊಡುತ್ತಾರೆ. ಮೌಲ್ಯಮಾಪನದ ಮಾನದಂಡದಲ್ಲಿ ಈ ಯಾಂತ್ರಿಕ ಜೋಡಣೆ ಕೆಳಗಿನ ಬ್ಯಾಂಡ್‌ನ ಲಕ್ಷಣ. ಕಂಠಪಾಠದ ಪ್ಯಾರಾಗಳನ್ನೂ ಪರೀಕ್ಷಕರು ಗುರುತಿಸುತ್ತಾರೆ. ಅಂಕ ಬೇಕಿದ್ದರೆ ಒಂದು ಪ್ಯಾರಾಕ್ಕೆ ಒಂದೇ ವಿಚಾರ, ಅದಕ್ಕೆ ಕಾರಣ, ಅದಕ್ಕೊಂದು ಉದಾಹರಣೆ, ಮತ್ತು ತಿದ್ದಲು ಕೊನೆಯ ಐದು ನಿಮಿಷ.

ಈ ಪರೀಕ್ಷೆಯ ಮೇಲೆ ನಮ್ಮ ನಿಜವಾದ ದೂರೂ ಇಲ್ಲಿಯೇ ಇದೆ. ಕೇಳಿದ್ದಕ್ಕೆ ಉತ್ತರ, ಸುಸಂಬದ್ಧತೆ, ಶಬ್ದಸಂಪತ್ತು, ವ್ಯಾಕರಣ ಎಂಬ ನಾಲ್ಕು ಅಂಶಗಳನ್ನು ಬೇರೆ ಬೇರೆಯಾಗಿ ಅಳೆದರೂ ಫಲಿತಾಂಶದ ಹಾಳೆಯಲ್ಲಿ ರೈಟಿಂಗ್‌ಗೆ ಸಿಗುವುದು ಒಂದೇ ಸಂಖ್ಯೆ. 6 ಬಂದವರಿಗೆ ವ್ಯಾಕರಣ ಕೈಕೊಟ್ಟಿತೋ, ಪ್ರಶ್ನೆ ಅರ್ಥವಾಗಲಿಲ್ಲವೋ ತಿಳಿಯುವುದಿಲ್ಲ. ಶುಲ್ಕ ಪಡೆಯುವ ಪರೀಕ್ಷೆ ಕಲಿಯುವವರಿಗೆ ಅಷ್ಟನ್ನಾದರೂ ತಿಳಿಸಬೇಕು. ಹಾಗಾಗಿ ಪರೀಕ್ಷೆಗೆ ಮುಂಚೆಯೇ, ಮಾನದಂಡ ಗೊತ್ತಿರುವ ಶಿಕ್ಷಕರಿಂದ ನಾಲ್ಕು ಅಂಶಗಳಿಗೂ ಪ್ರತ್ಯೇಕ ಅಂಕ ಹಾಕಿಸಿಕೊಳ್ಳಿ.

ಒಟ್ಟು ಬ್ಯಾಂಡ್ ನಾಲ್ಕು ವಿಭಾಗಗಳ ಸರಾಸರಿ, ಹತ್ತಿರದ ಅರ್ಧಕ್ಕೆ ಹೊಂದಿಸಿದ್ದು. ಸರಾಸರಿ 6.25 ಬಂದರೆ 6.5, 6.75 ಬಂದರೆ 7, ಆದರೆ 6.125 ಬಂದರೆ 6. ಲಿಸನಿಂಗ್ 8, ರೀಡಿಂಗ್ 8, ರೈಟಿಂಗ್ 5.5, ಸ್ಪೀಕಿಂಗ್ 6 ಬಂದವರಿಗೆ ಒಟ್ಟು 7 ಸಿಗುತ್ತದೆ. ಆದರೂ ಪ್ರತಿ ವಿಭಾಗದಲ್ಲಿ ಕನಿಷ್ಠ 6 ಬೇಕೆನ್ನುವ ವಿಶ್ವವಿದ್ಯಾಲಯ ಅವರನ್ನು ತಿರಸ್ಕರಿಸುತ್ತದೆ. ಅರ್ಜಿ ಹಾಕುವ ಸಂಸ್ಥೆ ಒಟ್ಟು ಅಂಕ ಮಾತ್ರ ನೋಡುತ್ತದೆಯೋ, ವಿಭಾಗವಾರು ಕನಿಷ್ಠವನ್ನೂ ಕೇಳುತ್ತದೆಯೋ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ನೋಡಿಕೊಳ್ಳಿ. ಸಾಮಾನ್ಯವಾಗಿ ಫಲಿತಾಂಶವನ್ನು ಎರಡು ವರ್ಷದವರೆಗೆ ಒಪ್ಪುತ್ತಾರೆ.

ಒಂದೇ ವಿಭಾಗದಲ್ಲಿ ಎಡವಿದವರಿಗೆ ಎರಡು ದಾರಿಗಳಿವೆ. ಕಂಪ್ಯೂಟರ್ ಪರೀಕ್ಷೆ ಬರೆದವರು, ಸೌಲಭ್ಯವಿರುವ ಕೇಂದ್ರಗಳಲ್ಲಿ, 60 ದಿನದೊಳಗೆ ಆ ಒಂದು ವಿಭಾಗವನ್ನು ಮಾತ್ರ ಮತ್ತೆ ಬರೆಯಬಹುದು. ಹೊಸ ಹಾಳೆಯಲ್ಲಿ ಉಳಿದ ಮೂರು ಅಂಕ ಹಾಗೆಯೇ ಉಳಿಯುತ್ತವೆ. ಎಲ್ಲ ಸಂಸ್ಥೆಗಳೂ ಅದನ್ನು ಒಪ್ಪುವುದಿಲ್ಲ, ಮೊದಲು ಕೇಳಿಕೊಳ್ಳಬೇಕು. ಇನ್ನೊಂದು, ಆರು ವಾರದೊಳಗೆ ಮರುಮೌಲ್ಯಮಾಪನಕ್ಕೆ ಅರ್ಜಿ. ಅಂಕ ಬದಲಾದರೆ ಅದರ ಶುಲ್ಕ ವಾಪಸ್ ಬರುತ್ತದೆ. ಲಿಸನಿಂಗ್, ರೀಡಿಂಗ್‌ಗೆ ಇದು ವ್ಯರ್ಥ, ಏಕೆಂದರೆ ಅಲ್ಲಿನ ಉತ್ತರಗಳು ನಿಗದಿತ. ರೈಟಿಂಗ್ ಅಥವಾ ಸ್ಪೀಕಿಂಗ್ ಉಳಿದ ವಿಭಾಗಗಳಿಗಿಂತ ಒಂದು ಬ್ಯಾಂಡ್‌ಗೂ ಹೆಚ್ಚು ಕೆಳಗೆ ಬಿದ್ದು, ಬೇಕಾದ ಅಂಕಕ್ಕೆ ಅರ್ಧ ಬ್ಯಾಂಡ್ ಮಾತ್ರ ಕಡಿಮೆಯಿದ್ದರೆ ಅರ್ಜಿ ಹಾಕಬಹುದು.