ಡಿಸ್ಕೌಂಟ್ ಬ್ರೋಕರ್ ಖಾತೆ, ನಾಲ್ಕು ವರ್ಷದ ಬಳಕೆ: ಇಂಟ್ರಾಡೇಗೆ ಎರಡು ಸ್ಟಾರ್, ಡೆಲಿವರಿಗೆ ನಾಲ್ಕೂವರೆ

ಬಳಕೆ ಮಂಗಳೂರಿನಿಂದ. ಮೊದಲ ಎರಡು ವರ್ಷ ಹೆಚ್ಚಾಗಿ ಇಂಟ್ರಾಡೇ, ಅಂದರೆ ಷೇರನ್ನು ಕೊಂಡ ದಿನವೇ ಮಾರುವುದು; ಆಮೇಲೆ ಪೂರ್ತಿ ಡೆಲಿವರಿ, ಅಂದರೆ ಕೊಂಡು ಖಾತೆಯಲ್ಲಿ ಇಟ್ಟುಕೊಳ್ಳುವುದು. ಕಂಪನಿಯ ಹೆಸರು ಹಾಕಿಲ್ಲ, ಏಕೆಂದರೆ ಆರ್ಡರಿಗೆ 20 ರೂಪಾಯಿ ತೆಗೆದುಕೊಳ್ಳುವ ಬ್ರೋಕರ್‌ಗಳ ಆಪ್ ಮತ್ತು ದರ ಹೆಚ್ಚುಕಮ್ಮಿ ಒಂದೇ ತರಹ. ಖಾತೆ ಒಂದೇ ಆದರೂ ಎಂಐಎಸ್ (ಇಂಟ್ರಾಡೇ ಆರ್ಡರ್) ಆರಿಸಿ ಬಳಸುವವರ ದಿನಚರಿ ಬೇರೆ, ಸಿಎನ್‌ಸಿ (ಡೆಲಿವರಿ ಆರ್ಡರ್) ಆರಿಸುವವರದ್ದೇ ಬೇರೆ. ಅದಕ್ಕೇ ಸ್ಟಾರ್ ಕೂಡ ಬೇರೆ ಬೇರೆ.

ಮೊದಲು ಖರ್ಚಿನ ಲೆಕ್ಕ. 500 ರೂಪಾಯಿಯ 200 ಷೇರು ಕೊಂಡು ಅದೇ ದಿನ ಅದೇ ಬೆಲೆಗೆ ಮಾರಿದಿರಿ ಎಂದುಕೊಳ್ಳಿ. ಬ್ರೋಕರೇಜ್ 40, ಮಾರುವಾಗ ಎಸ್‌ಟಿಟಿ (ಷೇರು ವ್ಯವಹಾರದ ಮೇಲಿನ ಸರ್ಕಾರಿ ತೆರಿಗೆ) 25, ಸ್ಟ್ಯಾಂಪ್ ಡ್ಯೂಟಿ 3, ಎಕ್ಸ್‌ಚೇಂಜ್ ಶುಲ್ಕ ಸುಮಾರು 6, ಬ್ರೋಕರೇಜ್ ಮತ್ತು ಶುಲ್ಕದ ಮೇಲೆ 18 ಶೇಕಡಾ ಜಿಎಸ್‌ಟಿ ಸುಮಾರು 8. ಒಟ್ಟು 82 ರೂಪಾಯಿ. ಅಂದರೆ ಷೇರು 41 ಪೈಸೆ ಏರಿದರೆ ಮಾತ್ರ ಹಾಕಿದ್ದು ಬಂತು. ಸಣ್ಣ ಮೊತ್ತ ಅನಿಸಬಹುದು. ಆದರೆ ದಿನಕ್ಕೆ ನಾಲ್ಕು ಟ್ರೇಡ್, ತಿಂಗಳಿಗೆ 20 ದಿನ ಎಂದರೆ ಇದೇ 6,560 ರೂಪಾಯಿ ಆಗುತ್ತದೆ. ಇಂಟ್ರಾಡೇಯಲ್ಲಿ ಹಾಕಿದ ದುಡ್ಡಿನ ಐದು ಪಟ್ಟಿನವರೆಗೆ ವ್ಯವಹಾರ ಮಾಡಲು ಬ್ರೋಕರ್ ಬಿಡುವುದರಿಂದ (ಇದಕ್ಕೇ ಮಾರ್ಜಿನ್ ಎನ್ನುವುದು) ಒಂದು ಲಕ್ಷದ ಪೊಸಿಷನ್‌ಗೆ, ಅಂದರೆ ಇನ್ನೂ ಮುಚ್ಚದ ವ್ಯವಹಾರಕ್ಕೆ, ಕೈಯಿಂದ ಹಾಕುವುದು 20,000 ಮಾತ್ರ. ಹಾಕಿದ ದುಡ್ಡಿನ ಮೂರನೇ ಒಂದು ಭಾಗ ಪ್ರತಿ ತಿಂಗಳು ಬರೀ ಖರ್ಚಿಗೇ ಹೋಗುತ್ತದೆ. ಲಾಭ ನಷ್ಟದ ಮಾತು ಇನ್ನೂ ಶುರುವೇ ಆಗಿಲ್ಲ.

ಈ ಖಾತೆಯ ಡೆಲಿವರಿಯಲ್ಲಿ ಅದೇ ಒಂದು ಲಕ್ಷಕ್ಕೆ ಬ್ರೋಕರೇಜ್ ಸೊನ್ನೆ. ಆದರೆ ಎಸ್‌ಟಿಟಿ ಕೊಳ್ಳುವಾಗ 100, ಮಾರುವಾಗ 100. ಸ್ಟ್ಯಾಂಪ್ ಡ್ಯೂಟಿ 15. ಮಾರುವ ದಿನ ಡಿಪಿ ಶುಲ್ಕ (ಡಿಮ್ಯಾಟ್, ಅಂದರೆ ಷೇರುಗಳನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಇಡುವ ಖಾತೆಯಿಂದ ತೆಗೆಯುವುದಕ್ಕೆ) ಹದಿನೈದು ರೂಪಾಯಿ ಆಸುಪಾಸು. ಎಕ್ಸ್‌ಚೇಂಜ್ ಶುಲ್ಕ, ಜಿಎಸ್‌ಟಿ ಸೇರಿ ಒಟ್ಟು 240ರ ಹತ್ತಿರ. ಒಂದೊಂದೇ ಟ್ರೇಡ್ ನೋಡಿದರೆ ಇದೇ ದುಬಾರಿ. ಆಪ್‌ನ ಜಾಹೀರಾತಿನಲ್ಲಿ ಇಂಟ್ರಾಡೇ ಅಗ್ಗ ಎಂದು ಕಾಣುವುದು ಇದರಿಂದಲೇ. ವರ್ಷಕ್ಕೆ ಎಷ್ಟು ಸಲ ಎಂದು ಗುಣಿಸಿ ನೋಡಬೇಕು.

ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2024ರ ಜುಲೈನಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತು. 2022-23ರಲ್ಲಿ ನಗದು ಮಾರುಕಟ್ಟೆಯಲ್ಲಿ ಇಂಟ್ರಾಡೇ ಮಾಡಿದ ಹತ್ತು ಜನರಲ್ಲಿ ಏಳು ಜನರಿಗೆ ನಷ್ಟ. ವರ್ಷಕ್ಕೆ 500ಕ್ಕಿಂತ ಹೆಚ್ಚು ಟ್ರೇಡ್ ಮಾಡಿದವರಲ್ಲಿ ಹತ್ತಕ್ಕೆ ಎಂಟು.

ಇನ್ನು ಹೊತ್ತಿನ ಲೆಕ್ಕ. ಮಾರುಕಟ್ಟೆ 9:15ರಿಂದ 3:30ರವರೆಗೆ, ಆರೂಕಾಲು ಗಂಟೆ. ಬೆಲೆ ಹೆಚ್ಚು ಜಿಗಿಯುವುದು ಮೊದಲ ಒಂದು ಗಂಟೆ. ಹಂಪನಕಟ್ಟೆಯಲ್ಲಿ ಅಂಗಡಿ ಬಾಗಿಲು ತೆಗೆಯುವ, ಮಣಿಪಾಲದಲ್ಲಿ ಆಫೀಸಿಗೆ ಓಡುವ ಹೊತ್ತೂ ಅದೇ. ಕೌಂಟರಿನಲ್ಲಿ ಗಿರಾಕಿ ನಿಂತಿರುವಾಗ ಮೊಬೈಲಿನಲ್ಲಿ ಸ್ಟಾಪ್ ಲಾಸ್ (ನಷ್ಟ ಇಷ್ಟಕ್ಕೇ ನಿಲ್ಲಲಿ ಎಂದು ಮೊದಲೇ ಹಾಕಿಡುವ ಆರ್ಡರ್) ಬದಲಿಸಲು ಹೋದರೆ ಎರಡೂ ಕೆಡುತ್ತವೆ. ರಾತ್ರಿಯಿಡೀ ಯಕ್ಷಗಾನ ಆಟ ನೋಡಿ ಬಂದ ಬೆಳಿಗ್ಗೆ ಇಂಟ್ರಾಡೇ ಮಾಡಲೇಬಾರದು. ನಿದ್ದೆಗಣ್ಣಲ್ಲಿ ಸಂಖ್ಯೆಗೆ ಒಂದು ಸೊನ್ನೆ ಜಾಸ್ತಿ ಬಿದ್ದರೆ ಆಪ್ ತಡೆಯುವುದಿಲ್ಲ. ಮದುವೆ, ದೈವದ ನೇಮ, ಆಸ್ಪತ್ರೆ, ಏನೇ ಇದ್ದರೂ ಪೊಸಿಷನ್ ತೆರೆದಿದ್ದರೆ ಮನಸ್ಸು ಅಲ್ಲಿರುವುದಿಲ್ಲ. ಮನೆಯವರಿಗೆ ಇದು ಎಲ್ಲಕ್ಕಿಂತ ಮೊದಲು ಗೊತ್ತಾಗುತ್ತದೆ.

ಇಂಟ್ರಾಡೇಯಲ್ಲಿ ಕೈಕೊಡುವ ಜಾಗಗಳನ್ನು ಸರಿಯಾಗಿ ತಿಳಿದಿರಬೇಕು. ಒಂದು, ಸ್ಟಾಪ್ ಲಾಸ್ ಲಿಮಿಟ್. ಟ್ರಿಗರ್ (ಆರ್ಡರ್ ಚಾಲೂ ಆಗುವ ಬೆಲೆ) 495, ಲಿಮಿಟ್ (ಇದಕ್ಕಿಂತ ಕಡಿಮೆಗೆ ಮಾರಬೇಡ ಎನ್ನುವ ಬೆಲೆ) 494.50 ಎಂದು ಹಾಕಿದ್ದೀರಿ. ಬೆಲೆ ಒಂದೇ ಏಟಿಗೆ 493ಕ್ಕೆ ಇಳಿಯಿತು. ಟ್ರಿಗರ್ ಆಗುತ್ತದೆ, ಆರ್ಡರ್ ಮಾತ್ರ 494.50ಕ್ಕೆ ಕೊಳ್ಳುವವರನ್ನು ಕಾಯುತ್ತಾ ಕೂರುತ್ತದೆ, ಷೇರು ಇಳಿಯುತ್ತಲೇ ಇರುತ್ತದೆ. ಟ್ರಿಗರ್ ಮತ್ತು ಲಿಮಿಟ್ ನಡುವೆ 50 ಪೈಸೆ ಸಾಲದು, ಎರಡು ಮೂರು ರೂಪಾಯಿ ಅಂತರ ಬಿಡಿ. ಇನ್ನೊಂದು, 3:20ರ ಆಸುಪಾಸಿನ ಆಟೋ ಸ್ಕ್ವೇರ್ ಆಫ್, ಅಂದರೆ ತಾನಾಗಿ ಮುಚ್ಚುವುದು. ನೀವು ಮುಚ್ಚದಿದ್ದರೆ ಬ್ರೋಕರೇ ಸಿಕ್ಕ ಬೆಲೆಗೆ ಮುಚ್ಚುತ್ತಾರೆ, ಜೊತೆಗೆ 50 ರೂಪಾಯಿ ಮತ್ತು ಜಿಎಸ್‌ಟಿ ಸೇರಿ 59 ಕಡಿತ. ಮೊದಲು ಮಾರಿ ಆಮೇಲೆ ಕೊಳ್ಳುವ ಶಾರ್ಟ್ ಇನ್ನೂ ಅಪಾಯ: ಷೇರು ಅಪ್ಪರ್ ಸರ್ಕ್ಯೂಟ್‌ಗೆ (ಆ ದಿನ ಏರಬಹುದಾದ ಗರಿಷ್ಠ ಬೆಲೆಗೆ) ಹೋದರೆ ಮಾರುವವರೇ ಇರುವುದಿಲ್ಲ, ವ್ಯವಹಾರ ಎಕ್ಸ್‌ಚೇಂಜಿನ ಆಕ್ಷನ್‌ಗೆ (ಹರಾಜಿಗೆ) ಹೋಗುತ್ತದೆ, ಅಲ್ಲಿನ ಬೆಲೆ ನಿಮ್ಮ ಕೈಯಲ್ಲಿಲ್ಲ.

ಮಳೆಗಾಲದ ಮಾತು ಬೇರೆಯೇ. ಜೂನ್‌ನಲ್ಲಿ ಗಾಳಿ ಎದ್ದರೆ ಕರೆಂಟ್ ಹೋಗುತ್ತದೆ, ಕರೆಂಟ್ ಹೋದರೆ ವೈಫೈ. ರೂಟರಿಗೊಂದು ಸಣ್ಣ ಯುಪಿಎಸ್, ಬೇರೆ ಕಂಪನಿಯ ಎರಡನೇ ಸಿಮ್, ಫೋನ್ ಮಾಡಿ ಆರ್ಡರ್ ಕೊಡುವ ಬ್ರೋಕರಿನ ಕಾಲ್ ಅಂಡ್ ಟ್ರೇಡ್ ನಂಬರ್ ಫೋನಿನಲ್ಲಿ ಸೇವ್, ಈ ಮೂರೂ ಇಲ್ಲದೆ ಕರಾವಳಿಯಲ್ಲಿ ಜುಲೈನಲ್ಲಿ ಇಂಟ್ರಾಡೇ ಬೇಡ. ಕೊಂಡ ಕೂಡಲೇ ಸ್ಟಾಪ್ ಲಾಸ್ ಆರ್ಡರ್ ಎಕ್ಸ್‌ಚೇಂಜಿಗೆ ಹೋಗಿರಲಿ. ಬೆಲೆ ಇಳಿದಾಗ ನೋಡಿಕೊಳ್ಳೋಣ ಎನ್ನುವಷ್ಟರಲ್ಲಿ ನೆಟ್ ಇರುವುದಿಲ್ಲ.

ಡೆಲಿವರಿಗೆ ಇದೇ ಆಪ್ ನಿಜಕ್ಕೂ ಒಳ್ಳೆಯದು. ರಾತ್ರಿ ಊಟ ಆದ ಮೇಲೆ ಕಂಪನಿಯ ತ್ರೈಮಾಸಿಕ ವರದಿ ಓದಿ, ಲಿಮಿಟ್ ಬೆಲೆ ಹಾಕಿ ಆಫ್ಟರ್ ಮಾರ್ಕೆಟ್ ಆರ್ಡರ್ ಕೊಟ್ಟರೆ ಬೆಳಿಗ್ಗೆ ತಾನಾಗಿ ಹೋಗುತ್ತದೆ. ಮಾರುವುದಕ್ಕೆ ಜಿಟಿಟಿ ಇದೆ, ಅಂದರೆ ಹೇಳಿದ ಬೆಲೆ ಬಂದಾಗ ಮಾತ್ರ ಹೋಗುವ ಆರ್ಡರ್, ಒಂದು ವರ್ಷದವರೆಗೆ ಇರುತ್ತದೆ. ಮೇಲಿನ ಗುರಿ, ಕೆಳಗಿನ ಸ್ಟಾಪ್ ಎರಡನ್ನೂ ಒಟ್ಟಿಗೆ ಹಾಕಬಹುದು. ಇಲ್ಲೊಂದು ಕೊಕ್ಕೆ ಇದೆ: ಡಿಡಿಪಿಐಗೆ (ಮಾರಿದ ಷೇರನ್ನು ಡಿಮ್ಯಾಟ್‌ನಿಂದ ತೆಗೆಯಲು ಬ್ರೋಕರ್‌ಗೆ ಒಮ್ಮೆಗೇ ಕೊಡುವ ಅನುಮತಿ ಪತ್ರ) ಸಹಿ ಹಾಕಿರದಿದ್ದರೆ ಷೇರು ಮಾರುವ ದಿನ ಟಿಪಿನ್ (ಡಿಮ್ಯಾಟ್ ಖಾತೆಯ ಗುಪ್ತ ಸಂಖ್ಯೆ) ಮತ್ತು ಒಟಿಪಿ ಕೊಟ್ಟು ಒಪ್ಪಿಗೆ ನೀಡಲೇಬೇಕು. ಇಲ್ಲದಿದ್ದರೆ ಜಿಟಿಟಿ ಟ್ರಿಗರ್ ಆದರೂ ಆರ್ಡರ್ ರಿಜೆಕ್ಟ್. ಮಾರುಕಟ್ಟೆ ಕಡೆ ನೋಡದೆ ಇರಬೇಕೆಂದರೆ ಡಿಡಿಪಿಐ ಮಾಡಿಸಿಕೊಳ್ಳಿ. ಬೋನಸ್ (ಉಚಿತ ಷೇರು) ಅಥವಾ ಸ್ಪ್ಲಿಟ್ (ಒಂದು ಷೇರನ್ನು ಹಲವಾಗಿ ಒಡೆಯುವುದು) ಬಂದರೆ ಹಳೆಯ ಜಿಟಿಟಿ ಬೆಲೆಗೆ ಅರ್ಥವಿಲ್ಲ, ಹೊಸದಾಗಿ ಹಾಕಬೇಕು.

ನಮ್ಮ ಕಡೆಯ ಮನೆಗಳಲ್ಲಿ ಡಿಮ್ಯಾಟ್ ಖಾತೆಗೆ ಇನ್ನೊಂದು ಉಪಯೋಗವೂ ಇದೆ. ಉಡುಪಿ, ಮಂಗಳೂರಿನಲ್ಲಿ ಹುಟ್ಟಿದ ಬ್ಯಾಂಕುಗಳ ಕಾಗದದ ಷೇರು ಪತ್ರ ಅಜ್ಜನ ಪೆಟ್ಟಿಗೆಯಲ್ಲಿ ಇದ್ದರೂ ಇರಬಹುದು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ ಸೇರಿದಾಗ 1000 ಷೇರಿಗೆ 158 ಕೆನರಾ ಷೇರು ಸಿಕ್ಕಿತು. ಕಾರ್ಪೊರೇಷನ್ ಬ್ಯಾಂಕಿನ 1000ಕ್ಕೆ ಯೂನಿಯನ್ ಬ್ಯಾಂಕಿನ 330. ಡಿಮ್ಯಾಟ್‌ನಲ್ಲಿದ್ದವರಿಗೆ ಅದು ತಾನಾಗಿ ಬಂತು. ಕಾಗದ ಇಟ್ಟುಕೊಂಡವರು ಬ್ಯಾಂಕಿನ ಷೇರುದಾರರ ದಾಖಲೆ ನೋಡಿಕೊಳ್ಳುವ ರಿಜಿಸ್ಟ್ರಾರ್ ಬಳಿ ಹೋಗಬೇಕು. ಪತ್ರದಲ್ಲಿರುವ ಹೆಸರಿನ ಅಕ್ಷರ, ಜಂಟಿ ಹೆಸರುಗಳ ಕ್ರಮ ಡಿಮ್ಯಾಟ್ ಖಾತೆಗೆ ತಾಳೆಯಾಗದಿದ್ದರೆ ಅರ್ಜಿ ವಾಪಸ್ ಬರುತ್ತದೆ.

ತೆರಿಗೆ: ಇಂಟ್ರಾಡೇ ಲಾಭ ಸಟ್ಟಾ ವ್ಯವಹಾರದ ಆದಾಯ, ನಿಮ್ಮ ಸ್ಲ್ಯಾಬ್ ದರದಲ್ಲಿ ತೆರಿಗೆ. ಸಂಬಳದವರೂ ಐಟಿಆರ್-3 (ವ್ಯವಹಾರದ ಆದಾಯ ಇರುವವರ ರಿಟರ್ನ್ ಫಾರ್ಮ್) ತುಂಬಬೇಕು, ಆಡಿಟರ್ ಫೀಸು ಬೇರೆ. ನಷ್ಟವನ್ನು ನಾಲ್ಕು ವರ್ಷ ಮುಂದೆ ಒಯ್ಯಬಹುದು, ಅದೂ ಇದೇ ಬಗೆಯ ಲಾಭಕ್ಕೆ ಮಾತ್ರ, ರಿಟರ್ನ್ ಗಡುವಿನೊಳಗೆ ಹಾಕಿದ್ದರೆ ಮಾತ್ರ. ಒಂದು ವರ್ಷ ದಾಟಿದ ಡೆಲಿವರಿಯಲ್ಲಿ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆ ಇಲ್ಲ, ಮೇಲಿನದಕ್ಕೆ 12.5 ಶೇಕಡಾ. ಕೇಂದ್ರ ಸರ್ಕಾರದ ನೌಕರರಿಗೆ ಪದೇ ಪದೇ ಷೇರು ಕೊಂಡು ಮಾರುವುದು ನಡತೆ ನಿಯಮದ ಪ್ರಕಾರ ಸಟ್ಟಾ ಎಂದೇ ಲೆಕ್ಕ. ಇದನ್ನು ಆಪ್ ಎಲ್ಲೂ ಹೇಳುವುದಿಲ್ಲ.

ಹೊಸ ಖಾತೆ ತೆರೆಯುವವರು ಫಾರ್ಮಿನಲ್ಲಿ ಫ್ಯೂಚರ್ಸ್ ಅಂಡ್ ಆಪ್ಷನ್ಸ್ ಪಕ್ಕದ ಟಿಕ್ ತೆಗೆಯಿರಿ, ಇಕ್ವಿಟಿ (ಬರೀ ಷೇರು) ಸಾಕು. ಮೊದಲ ಆರ್ಡರ್ ಹಾಕುವ ಮುನ್ನ ಸೆಟ್ಟಿಂಗ್ಸ್‌ಗೆ ಹೋಗಿ ಡೀಫಾಲ್ಟ್ ಅನ್ನು ಸಿಎನ್‌ಸಿಗೆ ಬದಲಿಸಿ, ಬೆಲೆ ಏರಿಳಿತದ ನೋಟಿಫಿಕೇಶನ್ ಎಲ್ಲ ಆಫ್ ಮಾಡಿ. ಆರ್ಡರ್ ಆದದ್ದು, ಡಿವಿಡೆಂಡ್ ಬಂದದ್ದು, ಈ ಎರಡು ಮಾತ್ರ ಇರಲಿ.