ವಿಂಚೆಸ್ಟರ್ 1894ಕ್ಕೆ ಕೋಡಿಯಿಂದ ಬರುವ ಜಾತಕ

ಅಮೆರಿಕದ ವಯೋಮಿಂಗ್ ರಾಜ್ಯದ ಕೋಡಿ ಪಟ್ಟಣದಲ್ಲಿರುವ ಬಫಲೋ ಬಿಲ್ ಸೆಂಟರ್ ಆಫ್ ದ ವೆಸ್ಟ್‌ನ ಕೋವಿ ಮ್ಯೂಸಿಯಂ, ಅಮೆರಿಕದ ಕೋವಿ ತಯಾರಕ ವಿಂಚೆಸ್ಟರ್ ಕಾರ್ಖಾನೆಯ ಕೈಬರಹದ ಲೆಜರ್‌ಗಳನ್ನು (ದಾಖಲೆ ಪುಸ್ತಕಗಳನ್ನು) ಇಟ್ಟುಕೊಂಡಿದೆ. ಸೀರಿಯಲ್ ನಂಬರ್ ಕೊಟ್ಟು ಶುಲ್ಕ ಕಟ್ಟಿದರೆ ನಿಮ್ಮ ಕೋವಿಯ ಸಾಲನ್ನು ಹುಡುಕಿ ಪತ್ರದಲ್ಲಿ ಬರೆದುಕೊಡುತ್ತಾರೆ. ಹಳೆಯ ಬೇಟೆ ರೈಫಲ್‌ನ ವಯಸ್ಸು ತಿಳಿಯಲು ಇಷ್ಟು ನೆಚ್ಚಿಕೊಳ್ಳಬಹುದಾದ ಸೇವೆ ಅಪರೂಪ. ಆದರೆ ಮಿತಿ ಗೊತ್ತಿಲ್ಲದೆ ದುಡ್ಡು ಕಟ್ಟಬೇಡಿ: ಲಿವರ್ ಎಳೆದು ತೋಟಾ ಏರಿಸುವ ಮಾಡೆಲ್ 1894 ಕೋವಿಗೆ ಲೆಜರ್ ವಿವರ ಸಿಗುವುದು 1ರಿಂದ 353999ರವರೆಗಿನ ನಂಬರುಗಳಿಗೆ ಮಾತ್ರ.

ನಂಬರ್ ಇರುವುದು ರಿಸೀವರ್‌ನ (ನಳಿಗೆ ಕೂರುವ ಲೋಹದ ಒಡಲಿನ) ತಳದಲ್ಲಿ, ಮುಂಭಾಗಕ್ಕೆ. ಮಗುಚುವ ಮುಂಚೆ ಲಿವರ್ ಇಳಿಸಿ, ತೋಟಾ ಕೂರುವ ಚೇಂಬರ್ ನೋಡಿ. ನಳಿಗೆಯ ಕೆಳಗಿನ ಟ್ಯೂಬಿನಲ್ಲಿ ತೋಟಾ ಉಳಿದಿರುವ ಸಂಭವ ಹೆಚ್ಚು, ಅದನ್ನೂ ಖಾಲಿ ಮಾಡಿ. ಸವೆದ ಅಂಕಿಗಳಲ್ಲಿ 3 ಮತ್ತು 8, 0 ಮತ್ತು 6 ಕಣ್ಣು ತಪ್ಪಿಸುತ್ತವೆ. ಒಂದು ಹನಿ ಎಣ್ಣೆ ಹಾಕಿ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟರೆ ಅಂಕಿಯ ಅಂಚು ನೆರಳಾಗಿ ಎದ್ದು ಕಾಣುತ್ತದೆ. ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೂ ಆದೀತು. ಉಪ್ಪುಕಾಗದ, ತಂತಿ ಬ್ರಶ್ ಹತ್ತಿರಕ್ಕೂ ತರಬೇಡಿ. ನಂಬರ್ ಅಳಿಸಿದ ಕೋವಿ ಕಾನೂನಿನ ಕಣ್ಣಲ್ಲಿ ಬೇರೆಯದೇ ತಲೆನೋವು.

ಪತ್ರದಲ್ಲಿ ಬರುವುದು ಇಷ್ಟು: ರೈಫಲ್ಲೋ ಗಿಡ್ಡ ನಳಿಗೆಯ ಕಾರ್ಬೈನೋ, ಕ್ಯಾಲಿಬರ್ (ತೋಟಾದ ಅಳತೆ), ನಳಿಗೆ ದುಂಡೋ ಎಂಟು ಮುಖದ್ದೋ, ಟ್ರಿಗರ್ ಬಗೆ, ಗೋದಾಮಿಗೆ ಬಂದ ದಿನ, ಹೊರಟ ದಿನ, ಆರ್ಡರ್ ನಂಬರ್. ನಳಿಗೆಯ ಉದ್ದ ಬರೆದಿಲ್ಲವೆಂದರೆ ಗಾಬರಿ ಬೇಡ. ರೈಫಲ್‌ಗೆ 26 ಇಂಚು, ಕಾರ್ಬೈನ್‌ಗೆ 20 ಇಂಚು ಎಂಬ ಮಾಮೂಲಿ ಅಳತೆಯಿದ್ದರೆ ಗುಮಾಸ್ತರು ಬರೆಯುತ್ತಿರಲಿಲ್ಲ. ಯಾವ ಊರಿಗೆ, ಯಾರಿಗೆ ಹೋಯಿತು ಎಂಬುದನ್ನು ಸಾಮಾನ್ಯವಾಗಿ ಲೆಜರ್ ಹೇಳುವುದಿಲ್ಲ. ‘ಇದು ಇಂಥ ಶೆರೀಫನದ್ದು’ ಎಂದು ಮಾರುವವನು ಕಥೆ ಹೇಳಿದರೆ ಈ ಪತ್ರದಿಂದ ಅದಕ್ಕೆ ಸಾಕ್ಷಿ ಸಿಗದು.

ತಾರೀಖಿನ ವಿಷಯಕ್ಕೆ ಬಂದರೆ ಗೊಂದಲ ಜಾಸ್ತಿ. ಇಂಟರ್‌ನೆಟ್ಟಿನಲ್ಲಿ ಓಡಾಡುವ ಸೀರಿಯಲ್ ಪಟ್ಟಿಗೂ ಕಾರ್ಖಾನೆಯ ಪಾಲಿಶಿಂಗ್ ರೂಮ್ ದಾಖಲೆಗೂ ವರ್ಷಗಳ ಅಂತರ ಬರುವುದುಂಟು. ರಿಸೀವರ್‌ಗೆ ನಂಬರ್ ಕೊಟ್ಟ ದಿನವನ್ನು ಬರೆದಿಟ್ಟದ್ದು ಪಾಲಿಶಿಂಗ್ ರೂಮಿನಲ್ಲಿ, ಹಾಗಾಗಿ ನಂಬಬೇಕಾದದ್ದು ಅದನ್ನೇ. ನಂಬರ್ ಬಿದ್ದ ದಿನಕ್ಕೂ ಮಾಲು ಹೊರಟ ದಿನಕ್ಕೂ ತಿಂಗಳುಗಟ್ಟಲೆ ವ್ಯತ್ಯಾಸ ಇರಬಹುದು. ಇದು ಬರೀ ಕುತೂಹಲದ ಮಾತಲ್ಲ: 1898ರ ಕೊನೆಯೊಳಗೆ ತಯಾರಾದ ಕೋವಿಯನ್ನು ಅಮೆರಿಕದ ಫೆಡರಲ್ ಕಾನೂನು ಆಂಟಿಕ್ (ಪುರಾತನ ವಸ್ತು) ಎಂದು ಪರಿಗಣಿಸುತ್ತದೆ.

ಪತ್ರ ಕೈಗೆ ಬಂದ ಮೇಲೆ ನಿಜವಾದ ಕೆಲಸ ಶುರು. ಅದು ಹೇಳುವುದು ಕೋವಿ ಕಾರ್ಖಾನೆ ಬಿಟ್ಟಾಗ ಹೇಗಿತ್ತು ಎಂದಷ್ಟೇ. ಈಗ ಹೇಗಿದೆ ಎಂದು ನೀವೇ ತಾಳೆ ನೋಡಬೇಕು. ಅಂಡಾಕಾರದೊಳಗಿನ ‘ಡಬ್ಲ್ಯೂಪಿ’ (ವಿಂಚೆಸ್ಟರ್ ಪ್ರೂಫ್, ಅಂದರೆ ಪರೀಕ್ಷೆ ಆಗಿದೆ ಎಂಬ) ಮುದ್ರೆ ಬಂದದ್ದು 1905ರಲ್ಲಿ. 1897ರ ಕೋವಿಯ ನಳಿಗೆಯ ಮೇಲೆ ಅದಿದ್ದರೆ ನಳಿಗೆ ಬದಲಾಗಿರಬಹುದು, ಇಲ್ಲವೇ ಕೋವಿ ಕಾರ್ಖಾನೆಗೆ ವಾಪಸ್ ಹೋಗಿ ಬಂದಿರಬಹುದು. ಲೆಜರ್‌ನಲ್ಲಿ ರಿಪೇರಿ ನಮೂದು ಇದೆಯೇ ನೋಡಿ. .32 ವಿಂಚೆಸ್ಟರ್ ಸ್ಪೆಷಲ್ ನಳಿಗೆ 1895ರ ರಿಸೀವರ್ ಮೇಲೆ ಕೂತಿದ್ದರೆ ನಳಿಗೆ ಬದಲಾಗಿದೆ, ಅನುಮಾನವೇ ಬೇಡ; ಆ ತೋಟಾ ಆಗ ಹುಟ್ಟಿರಲೇ ಇಲ್ಲ.

353999 ದಾಟಿದ ಕೋವಿಗೆ ಪೂರ್ತಿ ಜಾತಕ ಇಲ್ಲ, ನಂಬರ್ ಬಿದ್ದ ತಾರೀಖು ಮಾತ್ರ ಸಿಗಬಹುದು. 27 ಲಕ್ಷದಿಂದ ಮುಂದಿನ ನಂಬರ್ ಇದ್ದರೆ ಅದು ಕಾರ್ಖಾನೆ 1964ರಲ್ಲಿ ವಿನ್ಯಾಸ ಬದಲಿಸಿದ ನಂತರದ ತಯಾರಿಕೆ. ಇಷ್ಟು ತಿಳಿಯಲು ಯಾರಿಗೂ ದುಡ್ಡು ಕೊಡಬೇಕಿಲ್ಲ. ಇನ್ನು ಕೊಡಗಿನ ಐನ್‌ಮನೆಗಳ ಗೋಡೆಯಲ್ಲಿರುವ ಇಂಗ್ಲಿಷ್ ಕೋವಿಗಳಿಗೆ ಕೋಡಿಯ ಲೆಜರ್ ಉಪಯೋಗಕ್ಕೆ ಬಾರದು. ಅವಕ್ಕೆ ನಳಿಗೆಯ ಬುಡದಲ್ಲಿರುವ ಬರ್ಮಿಂಗ್‌ಹ್ಯಾಮ್ ಅಥವಾ ಲಂಡನ್ ಪ್ರೂಫ್ ಮುದ್ರೆಗಳನ್ನೇ ಓದಬೇಕು.