ಟೈಟ್‌ಬಾಂಡ್ ಒರಿಜಿನಲ್ ಅಂಟು: ಗಿಟಾರ್ ಬ್ರಿಡ್ಜ್ ಕೆಲಸಕ್ಕೆ ನಾಲ್ಕು ವರ್ಷ ಬಳಸಿದ ಮೇಲೆ

ಕೆಂಪು ಲೇಬಲ್ಲಿನ ಬಾಟಲಿ, ಒಳಗೆ ಹಳದಿ ಅಂಟು. ಹಳೇ ಅಕೌಸ್ಟಿಕ್ ಗಿಟಾರಿನ ಬ್ರಿಡ್ಜ್ (ತಂತಿಗಳ ತುದಿ ಸಿಕ್ಕಿಸುವ, ಗಿಟಾರಿನ ಮೈಗೆ ಅಂಟಿಸಿದ ಮರದ ಪಟ್ಟಿ) ಎದ್ದಿದ್ದರೆ ಮನೆಯಲ್ಲೇ ಕೂರಿಸೋಕೆ ಇಷ್ಟು ಸಲೀಸಾದ ಅಂಟು ಬೇರೆ ಸಿಕ್ಕಿಲ್ಲ. ಆದರೆ ಈ ಕೆಲಸದಲ್ಲಿ ಅಂಟಿನ ಪಾಲು ಕಾಲು ಭಾಗ, ಮುಕ್ಕಾಲು ಭಾಗ ಹಳೇ ಅಂಟು, ಪಾಲಿಶ್ ಕೆರೆಯುವುದೇ. ಕೆರೆಯದೆ ಅಂಟಿಸಿದವರೇ ಆಮೇಲೆ ಅಂಟನ್ನು ಬೈಯುವುದು.

12-53 ಗೇಜಿನ (ದಪ್ಪದ) ಆರು ಸ್ಟೀಲ್ ತಂತಿ ಶ್ರುತಿಗೆ ಏರಿದರೆ ಬ್ರಿಡ್ಜ್ ಮೇಲೆ ಸುಮಾರು 70 ಕೆಜಿ ಎಳೆತ, ಹಗಲೂ ರಾತ್ರಿ. ಬಡಗಿಗಳ ಮಾಮೂಲಿ ಬಿಳಿ ಅಂಟು ಕುರ್ಚಿ ಮೇಜಿಗೆ ಸಾಕು; ಬಿಡುವಿಲ್ಲದ ಎಳೆತಕ್ಕೆ ಅದು ಕೂದಲೆಳೆಯಷ್ಟೇ ಜಾರುತ್ತಾ ಹೋಗುತ್ತದೆ. ಎಪಾಕ್ಸಿ ಹಾಕಿದರೆ ಮುಂದೆ ಬಿಚ್ಚುವವನ ಪಾಡು ಕೇಳಬೇಡಿ. ಟೈಟ್‌ಬಾಂಡ್ ಒರಿಜಿನಲ್ ಗಡುಸಾಗಿ ಒಣಗುತ್ತದೆ, ಬಿಸಿ ಕೊಟ್ಟರೆ ಬಿಡುತ್ತದೆ. ಇದೇ ಸಾಲಿನ II, III ನೀರು ತಡೆಯಲೆಂದು ಮಾಡಿದವು, ಗಿಟಾರಿಗೆ ಬೇಕಿಲ್ಲ.

ಬ್ರಿಡ್ಜಿನ ಹಿಂಬದಿ ಅಂಚಿನಡಿ ಒಂದು ಕಾಗದ ತೂರಿಸಿ ನೋಡಿ. ಎರಡು ಮೂರು ಮಿಲಿಮೀಟರ್ ಒಳಗೆ ಹೋದರೆ ಪೂರ್ತಿ ಬಿಚ್ಚಲೇಬೇಕು. ಸಂದಿಗೆ ಅಂಟು ಹಿಂಡಿದರೆ ಅದು ಹಳೇ ಅಂಟಿನ ಮೇಲೆ ಕೂತು ಕೆಲವೇ ದಿನದಲ್ಲಿ ಬಿಡುತ್ತದೆ. ಬಿಚ್ಚುವ ಮುಂಚೆ ಬ್ರಿಡ್ಜ್ ಮೇಲಿನ ಬಿಳಿ ಚುಕ್ಕೆಗಳನ್ನು ಗಮನಿಸಿ. ಕಡಿಮೆ ಬೆಲೆಯ ಎಷ್ಟೋ ಗಿಟಾರುಗಳಲ್ಲಿ ಅವುಗಳಡಿ ಬೋಲ್ಟ್ ಇರುತ್ತದೆ. ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಆನಿಕೊಳ್ಳುವ ಸಣ್ಣ ಪಟ್ಟಿ) ತೆಗೆದು, ದಪ್ಪ ರಟ್ಟಿಗೆ ಫಾಯಿಲ್ ಸುತ್ತಿ, ಬ್ರಿಡ್ಜಿನಳತೆಗೆ ಕಿಂಡಿ ಕತ್ತರಿಸಿ ಟಾಪ್ (ಗಿಟಾರಿನ ಮುಂಬದಿಯ ಹಲಗೆ) ಮುಚ್ಚಿ. ಇಸ್ತ್ರಿಪೆಟ್ಟಿಗೆ ಕಡಿಮೆ ಬಿಸಿಯಲ್ಲಿಟ್ಟು ಒಂದೆರಡು ನಿಮಿಷಕ್ಕೊಮ್ಮೆ ಬಿಸಿ ಕೊಡುತ್ತಾ, ಅಂಚು ಮೊಂಡಾದ ತೆಳು ಪ್ಯಾಲೆಟ್ ಚಾಕುವನ್ನು ನಿಧಾನಕ್ಕೆ ಒಳಗೆ ಬಿಡಿ. ಸ್ಪ್ರೂಸಿನ (ಟಾಪಿನ ಮರ) ಸಿಬಿರು ಎದ್ದರೆ ತಕ್ಷಣ ನಿಲ್ಲಿಸಿ ಎದುರು ಬದಿಯಿಂದ ಬನ್ನಿ. ಅವಸರಪಟ್ಟರೆ ಟಾಪಿನ ಮರವೇ ಚಕ್ಕೆಯಾಗಿ ಬ್ರಿಡ್ಜಿಗೆ ಅಂಟಿಕೊಂಡು ಬರುತ್ತದೆ.

ಈಗ ಕೆರೆಯುವ ಕೆಲಸ. ಎರಡೂ ಕಡೆ ಬರೀ ಮರ ಕಾಣಬೇಕು. ಕಾರ್ಖಾನೆಯಲ್ಲಿ ಎಷ್ಟೋ ಸಲ ಬ್ರಿಡ್ಜಿನ ಅಂಚಿನಡಿ ಪಾಲಿಶ್ ಹಾಗೇ ಬಿಟ್ಟಿರುತ್ತಾರೆ, ಅಲ್ಲಿಂದಲೇ ಬ್ರಿಡ್ಜ್ ಏಳುವುದು ಶುರು. ಬ್ರಿಡ್ಜಿನ ಗುರುತಿನಿಂದ ಒಂದು ಮಿಲಿಮೀಟರ್ ಒಳಗೆ, ಪಾಲಿಶಿನಷ್ಟೇ ಆಳಕ್ಕೆ ಚಾಕುವಿನಿಂದ ಗೀರಿ ಒಳಗಿನದನ್ನೆಲ್ಲ ಕೆರೆಯಿರಿ. ಟಾಪ್ ಮೇಲೆ 120 ನಂಬರಿನ ಮರಳು ಕಾಗದ ಟೇಪ್ ಹಚ್ಚಿ, ಅದರ ಮೇಲೆ ಬ್ರಿಡ್ಜ್ ತಳ ಉಜ್ಜಿ. ಟಾಪಿಗೆ ಸಣ್ಣ ಉಬ್ಬಿರುತ್ತದೆ, ತಳ ಅದಕ್ಕೆ ಹೊಂದಬೇಕು. ಸಂದಿ ಉಳಿದರೆ ತುಂಬುವ ಶಕ್ತಿ ಈ ಅಂಟಿಗಿಲ್ಲ.

ಅಂಟು ಹಚ್ಚಿದ ಮೇಲೆ ಕೈಯಲ್ಲಿರುವುದು ನಾಲ್ಕೈದು ನಿಮಿಷ ಮಾತ್ರ. ಅದಕ್ಕೇ ಅಂಟಿಲ್ಲದೆ ಒಮ್ಮೆ ಎಲ್ಲ ಕ್ಲ್ಯಾಂಪ್ ಹಾಕಿ ಅಭ್ಯಾಸ ಮಾಡಿಕೊಳ್ಳಿ. ಒಳಗಡೆ ಬ್ರೇಸಿಗೆ (ಟಾಪಿನ ಅಡಿ ಅಂಟಿಸಿದ ಆಧಾರ ಪಟ್ಟಿ) ತಾಗದಂತೆ ಒಂದು ಮರದ ತುಂಡು ಬೇಕು. ಹಸಿ ಅಂಟಿನ ಮೇಲೆ ಬ್ರಿಡ್ಜ್ ಸೋಪಿನಂತೆ ಜಾರುತ್ತದೆ. ಎರಡು ತುದಿಯ ಪಿನ್ (ತಂತಿ ಹಿಡಿದಿಡುವ ಗೂಟ) ತೂತಿಗೆ ಮೇಣ ಸವರಿದ ಬೋಲ್ಟ್ ಹಾಕಿದರೆ ಅಲುಗುವುದಿಲ್ಲ. ಒಂದು ಮಿಲಿಮೀಟರ್ ಸರಿದರೂ ಶ್ರುತಿ ಕೆಡುತ್ತದೆ. ಅರ್ಧ ಚಮಚ ಅಂಟು ಸಾಕು, ಬ್ರಿಡ್ಜ್ ತಳಕ್ಕೆ ತೆಳ್ಳಗೆ ಸವರಿ. ಮೊದಲು ನಡುವಿನ ಕ್ಲ್ಯಾಂಪ್, ಆಮೇಲೆ ಎರಡು ರೆಕ್ಕೆಗಳದು. ಸುತ್ತಲೂ ಸಾಸಿವೆ ಸಾಲಿನಂತೆ ಸಣ್ಣ ಹನಿ ಹೊರಬಂದರೆ ಹದ ಸರಿ. ಎಲ್ಲೂ ಬರದಿದ್ದರೆ ಅಂಟು ಕಡಿಮೆ. ಒದ್ದೆ ಬಟ್ಟೆಯಲ್ಲಿ ಒರೆಸಿ. ಡಬ್ಬಿಯ ಮೇಲೆ ಅರ್ಧ ಗಂಟೆ ಕ್ಲ್ಯಾಂಪ್ ಎಂದಿದ್ದರೂ ರಾತ್ರಿಯಿಡೀ ಬಿಡಿ, ತಂತಿಯನ್ನು ಎರಡನೇ ದಿನ ಏರಿಸಿ.

ಮಂಗಳೂರಿನ ಮಳೆಗಾಲದಲ್ಲಿ ಮರ ನೀರು ಕುಡಿದು ಉಬ್ಬಿರುತ್ತದೆ. ಆಗಲೇ ಹೊಂದಿಸಿ ಅಂಟಿಸಿದರೆ ಬೇಸಿಗೆಯಲ್ಲಿ ಟಾಪ್ ಕುಗ್ಗಿ ಜೋಡಣೆ ಎಳೆದಾಡುತ್ತದೆ. ತೇವಾಂಶ 45–55% ಇರುವ ಕೋಣೆಯಲ್ಲಿ ವಾರವಿಟ್ಟು ಆಮೇಲೆ ಕೈ ಹಾಕಿ.

ಈ ಅಂಟಿನ ದೊಡ್ಡ ದೌರ್ಬಲ್ಯ ಬಿಸಿಯೇ. ಕಲಬುರಗಿಯ ಮೇ ತಿಂಗಳ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಗಿಟಾರ್ ಬಿಟ್ಟರೆ ಅಂಟು ಮೆತ್ತಗಾಗಿ ಬ್ರಿಡ್ಜ್ ಮತ್ತೆ ತಲೆ ಎತ್ತುತ್ತದೆ. ಬಿಚ್ಚಲು ಸುಲಭ ಎಂದು ಹೊಗಳಿದ ಗುಣವೇ ಇಲ್ಲಿ ಕೈ ಕೊಡುವುದು.

118 ಮಿಲಿ ಬಾಟಲಿಯೇ ಸಾಕು. ಆಯಸ್ಸು ಎರಡು ವರ್ಷ. ದೊಡ್ಡದು ತಂದರೆ ಮುಗಿಯುವ ಮುಂಚೆ ಹಳಸುತ್ತದೆ. ನೂಲುನೂಲಾಗಿ ಎಳೆದು ಬರತೊಡಗಿದರೆ ಯಾವ ಕೆಲಸಕ್ಕೂ ಬಳಸದೆ ಎಸೆಯಿರಿ.